ಮೇಕ್‌ಗೆ ಈ ಸಲ ಏನು ಹೇಳಬೇಕು?

ಕೊಡಗಿನ ತೋಟದ ಮನೆಗಳಲ್ಲಿ ಮಳೆಗೊಂದು ಲೆಕ್ಕ ಇರುತ್ತದೆ. ಅಂಗಳದ ಅಂಚಿನಲ್ಲೋ ಕಾಫಿ ಕಣದ ಪಕ್ಕದಲ್ಲೋ ಮಳೆಮಾಪಕ ಇಟ್ಟಿರುತ್ತಾರೆ. ಬೆಳಿಗ್ಗೆ ಅದರ ನೀರು ಅಳೆದು, ಇಂಚು-ಸೆಂಟಿನಲ್ಲಿ ನೋಟ್‌ಬುಕ್ಕಿಗೆ ಬರೆಯುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ನೆಂಟರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ನಮ್ಮ ಅಪ್ಪ ಹೀಗೆ ಬರೆದಿಟ್ಟ ನೋಟ್‌ಬುಕ್‌ಗಳನ್ನು ನಾನು ಬಿಡುವಾದಾಗಲೆಲ್ಲ ಕಂಪ್ಯೂಟರ್‌ಗೆ ಏರಿಸುತ್ತಿದ್ದೇನೆ.

ವರ್ಷಕ್ಕೊಂದು ಫೈಲ್. ಅದನ್ನು ಓದಿ ತಿಂಗಳ ಮೊತ್ತ ಹಾಕಲು ಸಿ ಭಾಷೆಯಲ್ಲಿ ಬರೆದ ಒಂದು ಪುಟ್ಟ ಪ್ರೋಗ್ರಾಂ. ಅದು ಕೊಡುವ ಪಟ್ಟಿಯಿಂದ ವರ್ಷಕ್ಕೊಂದು ಗ್ರಾಫ್. ಎಲ್ಲ ಗ್ರಾಫ್ ಸೇರಿಸಿ ಕೊನೆಗೊಂದು ಪಿಡಿಎಫ್ ಪುಸ್ತಕ. ಇಷ್ಟನ್ನೂ ಪ್ರತಿ ಸಲ ಕೈಯಲ್ಲಿ ಮಾಡುತ್ತಾ ಕೂತರೆ ಒಂದಲ್ಲ ಒಂದು ಹೆಜ್ಜೆ ಮರೆತುಹೋಗುತ್ತದೆ. ಅದಕ್ಕೇ ಮೇಕ್ ಎಂಬ ಸಾಧನ ಬಳಸುತ್ತೇನೆ. ಯಾವ ಫೈಲ್ ಯಾವುದರಿಂದ ಹುಟ್ಟುತ್ತದೆ, ಹೇಗೆ ಹುಟ್ಟುತ್ತದೆ ಎಂದು ಮೇಕ್‌ಫೈಲ್‌ನಲ್ಲಿ ಬರೆದಿಟ್ಟರೆ ಸಾಕು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, "ಮೇಕ್" ಎಂದು ಕೊಟ್ಟರೆ ಬೇಕಾದ ಕೆಲಸವನ್ನಷ್ಟೇ ಅದು ಮಾಡಿ ಮುಗಿಸುತ್ತದೆ.

ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪನ ಮಗಳು ಇದನ್ನೇ ತನ್ನ ಕಾಲೇಜಿನ ಪ್ರಾಜೆಕ್ಟ್‌ಗೆ ತೆಗೆದುಕೊಂಡಳು. ಅಲ್ಲಿ ಇಂಚು ನಡೆಯುವುದಿಲ್ಲ, ಮಿಲಿಮೀಟರ್ ಬೇಕು. ಒಂದು ಸಂಜೆ ಫೋನ್ ಮಾಡಿದಳು.

"ಅಣ್ಣ, 2018 ಒಂದೇ ಮಿಲಿಮೀಟರ್‌ನಲ್ಲಿ ಬಂದಿದೆ. ಮಿಕ್ಕಿದ್ದೆಲ್ಲ ಇಂಚಲ್ಲೇ ಇದೆ. ಒಟ್ಟು ಗ್ರಾಫ್‌ನಲ್ಲಿ 2018 ಆಕಾಶಕ್ಕೆ ಹೋಗಿದೆ. ಮೇಕ್ ಕೆಟ್ಟಿದೆಯಾ?"

2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಆ ವರ್ಷದ ಗೆರೆ ಎತ್ತರ ಇರಬೇಕು, ಸರಿ. ಆದರೆ ಬೇರೆ ವರ್ಷಗಳಿಗಿಂತ 25 ಪಟ್ಟು ಎತ್ತರ ಇರುವುದಿಲ್ಲ. ಒಂದು ಇಂಚಿಗೆ 25.4 ಮಿಲಿಮೀಟರ್. ಲೆಕ್ಕ ಅಲ್ಲೇ ಗೊತ್ತಾಯಿತು.

ಮೇಕ್ ಕೆಟ್ಟಿರಲಿಲ್ಲ. ಅವಳು ಅದಕ್ಕೆ ಹೇಳಿದ ಮಾತು ಅರ್ಧ ಆಗಿತ್ತು, ಅಷ್ಟೇ. ಅವಳು ಕೊಟ್ಟ ಕಮಾಂಡ್ ಇದು:

ಮೇಕ್ ಯುನಿಟ್=ಎಂಎಂ

(ಈ ಲೇಖನದಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಟರ್ಮಿನಲ್‌ನಲ್ಲಿ ಅದಕ್ಕೆ ಸರಿಯಾದ ಇಂಗ್ಲಿಷ್ ಅಕ್ಷರ ಒತ್ತಬೇಕು. ಕ್ಯಾಪಿಟಲ್ ಬೇಕಾದ ಕಡೆ ಹಾಗೆಂದೇ ಹೇಳುತ್ತೇನೆ. ಮಿಕ್ಕಿದ್ದೆಲ್ಲ ಸಣ್ಣಕ್ಷರ.)

ಮೇಕ್ ಕಣ್ಣಿಗೆ ಬೀಳುವುದು ಒಂದೇ: ಫೈಲ್‌ನ ಸಮಯ. ಗ್ರಾಫ್‌ಗಿಂತ ಪಟ್ಟಿ ಹೊಸದಾಗಿದ್ದರೆ ಗ್ರಾಫ್ ಮತ್ತೆ ಮಾಡುತ್ತದೆ. ಗ್ರಾಫೇ ಹೊಸದಾಗಿದ್ದರೆ ಮುಟ್ಟುವುದಿಲ್ಲ. ಅವಳು ಆ ದಿನ ತಿದ್ದಿದ್ದು 2018ರ ಫೈಲ್ ಒಂದನ್ನೇ. ಹಾಗಾಗಿ ಅದೊಂದೇ ಮತ್ತೆ ಹುಟ್ಟಿತು, ಮಿಲಿಮೀಟರ್‌ನಲ್ಲಿ. ಮಿಕ್ಕ ವರ್ಷಗಳ ಪಟ್ಟಿ ಮೊದಲೇ ಇಂಚಿನಲ್ಲಿ ಸಿದ್ಧವಾಗಿ ಕೂತಿತ್ತು. ಅಳತೆ ಬದಲಾಗಿದೆ ಎಂದು ಮೇಕ್‌ಗೆ ತಿಳಿಯುವ ದಾರಿಯೇ ಇರಲಿಲ್ಲ. ಕಮಾಂಡ್ ಲೈನ್‌ನಲ್ಲಿ ಕೊಟ್ಟ ಮಾತಿಗೆ ಸಮಯದ ಮುದ್ರೆ ಇರುವುದಿಲ್ಲ ಅಲ್ವಾ?

ಮೇಕ್‌ಫೈಲ್‌ನಲ್ಲಿ ಬರೆದದ್ದು ಯಾವತ್ತಿಗೂ ಇರುವ ಮಾತು. ಕಮಾಂಡ್ ಲೈನ್‌ನಲ್ಲಿ ಕೊಡುವುದು ಈ ಸಲಕ್ಕೆ ಮಾತ್ರ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಮುಂದಿನ ಆಪ್ಷನ್‌ಗಳೆಲ್ಲ ಸುಲಭ.

ಒಂದು ಹಾಳಾದ ಬೆಳಗಿನಿಂದ ಹುಟ್ಟಿದ್ದು

ಮೇಕ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ. ಬರೆದವರು ಸ್ಟುವರ್ಟ್ ಫೆಲ್ಡ್‌ಮನ್. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಬೆಳಗನ್ನೆಲ್ಲ ಒಂದು ತಪ್ಪಿನ ಬೆನ್ನು ಹತ್ತಿ ಕಳೆದಿದ್ದರು. ಪ್ರೋಗ್ರಾಂನಲ್ಲಿ ಆ ತಪ್ಪನ್ನು ಆಗಲೇ ತಿದ್ದಿಯಾಗಿತ್ತು. ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ತಂದಿರಲಿಲ್ಲ, ಓಡುತ್ತಿದ್ದುದು ಹಳೆಯದೇ. ಇಂಥದ್ದೇ ಕಷ್ಟ ಫೆಲ್ಡ್‌ಮನ್ ಅವರಿಗೂ ಹಿಂದಿನ ಸಂಜೆ ಆಗಿತ್ತು. ಇದಕ್ಕೊಂದು ಸಾಧನ ಬೇಕು ಎಂದು ಕೂತು ಬರೆದರು. 2003ರಲ್ಲಿ ಅದಕ್ಕಾಗಿ ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಬಂತು. ಇವತ್ತು ಲಿನಕ್ಸ್‌ನಲ್ಲಿ ನಾವು ಬಳಸುವುದು ಗ್ನೂ ಮೇಕ್. ಅದನ್ನು ಮೊದಲು ಬರೆದವರು ರಿಚರ್ಡ್ ಸ್ಟಾಲ್‌ಮನ್ ಮತ್ತು ರೋಲಂಡ್ ಮೆಕ್‌ಗ್ರಾತ್. ನಾನು ಇಲ್ಲಿ ಹೇಳುವುದೆಲ್ಲ ಗ್ನೂ ಮೇಕ್ ಬಗ್ಗೆ.

ಸಾಧನ ಹಳೆಯದು ಎಂದು ಯಾರೂ ಹಗುರವಾಗಿ ನೋಡಬಾರದು ಎಂಬುದು ನನ್ನ ಆಸೆ. ಸಮಯ ನೋಡಿ ಕೆಲಸ ಹಂಚುವ ಈ ಒಂದು ಯೋಚನೆ ಇಷ್ಟು ವರ್ಷ ನಿಂತಿದೆ.

ಸಾಲಿನಲ್ಲಿ ಮೂರು ಬಗೆಯ ಮಾತು

"ಮೇಕ್" ಎಂದ ಮೇಲೆ ಅದೇ ಸಾಲಿನಲ್ಲಿ ಮೂರು ಬಗೆಯ ಮಾತು ಬರಬಹುದು. ಅಡ್ಡಗೆರೆಯಿಂದ ಶುರುವಾದರೆ ಅದು ಆಪ್ಷನ್, ಅಂದರೆ ಕೆಲಸ ಹೇಗೆ ಮಾಡಬೇಕೆಂಬ ಸೂಚನೆ. ನಡುವೆ ಸಮಚಿಹ್ನೆ ಇದ್ದರೆ ವೇರಿಯಬಲ್, ಅಂದರೆ ಒಂದು ಹೆಸರು, ಅದಕ್ಕೊಂದು ಬೆಲೆ. ಎರಡೂ ಅಲ್ಲದಿದ್ದರೆ ಟಾರ್ಗೆಟ್, ಅಂದರೆ ಮಾಡಿಕೊಡಬೇಕಾದ ವಸ್ತುವಿನ ಹೆಸರು. ಟಾರ್ಗೆಟ್ ಹೇಳದಿದ್ದರೆ ಮೇಕ್‌ಫೈಲ್‌ನಲ್ಲಿ ಮೊದಲು ಸಿಗುವ ಟಾರ್ಗೆಟ್ಟನ್ನೇ ಅದು ತೆಗೆದುಕೊಳ್ಳುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕಟ್ಟುಪಾಡು ಗ್ನೂ ಮೇಕ್‌ನಲ್ಲಿ ಇಲ್ಲ. "ಮೇಕ್ ಪುಸ್ತಕ -ಎನ್" ಎಂದರೂ ಒಂದೇ, "ಮೇಕ್ -ಎನ್ ಪುಸ್ತಕ" ಎಂದರೂ ಒಂದೇ.

ಒಂದು ಅಡ್ಡಗೆರೆ ಇದ್ದರೆ ಒಂದಕ್ಷರದ ಆಪ್ಷನ್, ಎರಡು ಅಡ್ಡಗೆರೆ ಇದ್ದರೆ ಪೂರ್ತಿ ಹೆಸರು. "-ಎನ್" ಎಂದರೂ "--ಡ್ರೈ-ರನ್" ಎಂದರೂ ಕೆಲಸ ಅದೇ. ಹೊಸದಾಗಿ ಕಲಿಯುವವರು ಪೂರ್ತಿ ಹೆಸರನ್ನೇ ಬಳಸುವುದು ಒಳ್ಳೆಯದು. ಯಾಕೆಂದರೆ ಮೇಕ್‌ನಲ್ಲಿ ಸಣ್ಣಕ್ಷರ ಬೇರೆ, ಕ್ಯಾಪಿಟಲ್ ಬೇರೆ. ಸಣ್ಣ ಎಸ್ ಎಂದರೆ ಸದ್ದಿಲ್ಲದೆ ಕೆಲಸ ಮಾಡು, ಕಮಾಂಡ್‌ಗಳನ್ನು ತೋರಿಸಬೇಡ ಎಂದು. ಕ್ಯಾಪಿಟಲ್ ಎಸ್ ಎಂದರೆ ಎರರ್ ಬಂದಲ್ಲಿ ನಿಲ್ಲು ಎಂದು.

ಇವುಗಳಲ್ಲಿ ಜಾಸ್ತಿ ಮೋಸ ಮಾಡುವುದು ಬಿ. ಕ್ಯಾಪಿಟಲ್ ಬಿ ಎಂದರೆ ಸಮಯ ನೋಡಬೇಡ, ಎಲ್ಲವನ್ನೂ ಮತ್ತೆ ಮಾಡು ಎಂದು. ಸಣ್ಣ ಬಿ ಕೊಟ್ಟರೆ? ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಹಳೆಯ ಬೇರೆ ಮೇಕ್‌ಗಳ ಜೊತೆ ಹೊಂದಿಕೊಳ್ಳಲು ಅದನ್ನು ಸುಮ್ನೆ ಒಪ್ಪಿಕೊಂಡು ಬಿಟ್ಟುಬಿಡುತ್ತದೆ. ಎಲ್ಲ ಹೊಸದಾಗಿ ಆಯಿತು ಎಂದು ನೀವು ನಂಬಿರುತ್ತೀರಿ. ಅಲ್ಲಿ ಹಳೆಯದೇ ಕೂತಿರುತ್ತದೆ. "--ಆಲ್ವೇಸ್-ಮೇಕ್" ಎಂದು ಪೂರ್ತಿ ಬರೆದರೆ ಈ ಭಯ ಇಲ್ಲ.

ಮಾಡುವ ಮೊದಲು ಕೇಳಿ ನೋಡುವುದು

ನಾನು ಯಾರಿಗೇ ಮೇಕ್ ಕಲಿಸಿದರೂ ಮೊದಲು ಹೇಳಿಕೊಡುವುದು "-ಎನ್". ಇದನ್ನು ಕೊಟ್ಟರೆ ಮೇಕ್ ಏನೇನು ಮಾಡಬೇಕೆಂದು ಲೆಕ್ಕ ಹಾಕಿ, ಆ ಕಮಾಂಡ್‌ಗಳನ್ನು ಪರದೆಯ ಮೇಲೆ ಬರೆಯುತ್ತದೆ. ನಡೆಸುವುದಿಲ್ಲ. ನನ್ನ ತಂಗಿ ಆ ಸಂಜೆ "ಮೇಕ್ -ಎನ್ ಯುನಿಟ್=ಎಂಎಂ" ಎಂದು ಮೊದಲು ಕೇಳಿದ್ದರೆ 2018ರ ಪಟ್ಟಿ, 2018ರ ಗ್ರಾಫ್, ಒಟ್ಟು ಗ್ರಾಫ್, ಪುಸ್ತಕ, ಇಷ್ಟರ ಕಮಾಂಡ್ ಮಾತ್ರ ಕಾಣುತ್ತಿತ್ತು. ಬೇರೆ ವರ್ಷಗಳು ಇಲ್ಲವಲ್ಲ ಎಂದು ಅಲ್ಲೇ ಹೊಳೆಯುತ್ತಿತ್ತು.

ಎನ್ ಜೊತೆ ಕ್ಯಾಪಿಟಲ್ ಡಬ್ಲ್ಯು ಸೇರಿಸಿದರೆ ಇನ್ನೊಂದು ಒಳ್ಳೆಯ ಪ್ರಶ್ನೆ ಕೇಳಬಹುದು. ಅದರ ಪೂರ್ತಿ ಹೆಸರು "--ವಾಟ್-ಇಫ್". ಅದರ ಮುಂದೆ ಒಂದು ಫೈಲ್ ಹೆಸರು ಕೊಡಬೇಕು. ಈ ಫೈಲ್ ಈಗಷ್ಟೇ ಬದಲಾಗಿದೆ ಎಂದುಕೋ, ಆಗ ಏನೇನು ಮತ್ತೆ ಮಾಡಬೇಕಾಗುತ್ತದೆ ಹೇಳು ಎಂದು ಕೇಳಿದ ಹಾಗೆ. ಸಿ ಪ್ರೋಗ್ರಾಂನ ಫೈಲ್ ಹೆಸರು ಕೊಟ್ಟು ಕೇಳಿದೆ ಎನ್ನೋಣ. ಎಲ್ಲ ವರ್ಷಗಳ ಪಟ್ಟಿಯೂ ಸಾಲಾಗಿ ಬರಬೇಕು. ಬರದಿದ್ದರೆ ನನ್ನ ಮೇಕ್‌ಫೈಲ್‌ನಲ್ಲಿ ಒಂದು ಸಂಬಂಧ ಬರೆಯುವುದು ಬಿಟ್ಟುಹೋಗಿದೆ ಎಂದರ್ಥ. ನಿಜವಾಗಿ ಫೈಲ್ ಮುಟ್ಟದೆ ಇದನ್ನು ಕಂಡುಹಿಡಿಯಬಹುದು ಎಂಬುದೇ ಇದರ ಸೊಗಸು. ನೆನಪಿಡಿ, ಎನ್ ಇಲ್ಲದೆ ಇದನ್ನು ಕೊಟ್ಟರೆ ಕೆಲಸ ನಿಜವಾಗಿಯೇ ನಡೆಯುತ್ತದೆ.

"-ಎನ್" ಕೊಟ್ಟರೆ ಏನೂ ನಡೆಯುವುದೇ ಇಲ್ಲ ಎಂದು ಪೂರ್ತಿ ನಂಬಬೇಡಿ. ಮೇಕ್‌ಫೈಲ್‌ನಲ್ಲಿ ಕೂಡಿಸುವ ಚಿಹ್ನೆಯಿಂದ ಶುರುವಾಗುವ ಕಮಾಂಡ್ ಸಾಲುಗಳು ಆಗಲೂ ನಡೆಯುತ್ತವೆ. ಡಾಲರ್ ಚಿಹ್ನೆ ಹಾಕಿ, ಆವರಣದೊಳಗೆ ಪೂರ್ತಿ ಕ್ಯಾಪಿಟಲ್‌ನಲ್ಲಿ ಮೇಕ್ ವೇರಿಯಬಲ್ ಬರೆದ ಸಾಲುಗಳೂ ನಡೆಯುತ್ತವೆ. ಒಂದು ಮೇಕ್ ಇನ್ನೊಂದು ಮೇಕನ್ನು ಕರೆಯುವಾಗ ಆ ಒಳಗಿನದೂ ತನ್ನ ಪಟ್ಟಿ ತೋರಿಸಲಿ ಎಂದು ಹೀಗೆ ಇಟ್ಟಿದ್ದಾರೆ. ಬೇರೆಯವರ ಮೇಕ್‌ಫೈಲ್ ಆದರೆ ಒಮ್ಮೆ ಕಣ್ಣಾಡಿಸಿ, ಆಮೇಲೆ ಎನ್ ಕೊಡಿ.

ಉತ್ತರ ಹೌದು ಅಥವಾ ಇಲ್ಲ ಎಂದಷ್ಟೇ ಬೇಕಾದರೆ "-ಕ್ಯೂ" ಇದೆ. ಏನನ್ನೂ ಬರೆಯುವುದಿಲ್ಲ. ಎಲ್ಲ ಹೊಸದಾಗಿದ್ದರೆ 0, ಏನಾದರೂ ಮಾಡಬೇಕಿದ್ದರೆ 1, ಎರರ್ ಆದರೆ 2 ಎಂಬ ಸಂಖ್ಯೆ ಹಿಂತಿರುಗಿಸುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಇದು ಉಪಯೋಗ.

ವೇರಿಯಬಲ್ ಎಲ್ಲಿ ಬರೆಯುತ್ತೀರಿ ಎಂಬುದೇ ಮುಖ್ಯ

ಈಗ "ಯುನಿಟ್=ಎಂಎಂ" ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ನನಗೆ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಇಲ್ಲಿಯವೇ.

ಮೇಕ್‌ಫೈಲ್ ಒಳಗೆ ನಾನು "ಯುನಿಟ್ = ಇಂಚು" ಎಂದು ಬರೆದಿದ್ದೇನೆ. ಈಗ ಎರಡು ಕಮಾಂಡ್ ನೋಡಿ.

ಮೇಕ್ ಯುನಿಟ್=ಎಂಎಂ

ಯುನಿಟ್=ಎಂಎಂ ಮೇಕ್

ನೋಡಲು ಅಣ್ಣತಮ್ಮಂದಿರ ಹಾಗಿವೆ. ಆದರೆ ಫಲ ಬೇರೆ. ಮೊದಲನೆಯದರಲ್ಲಿ ಮಾತು ಮೇಕ್‌ಗೆ ನೇರವಾಗಿ ಹೋಗುತ್ತದೆ. ಆಗ ಕಮಾಂಡ್ ಲೈನ್ ಮಾತೇ ಗೆಲ್ಲುತ್ತದೆ, ಮೇಕ್‌ಫೈಲ್ ಒಳಗಿನ ಇಂಚು ಲೆಕ್ಕಕ್ಕಿಲ್ಲ. ಎರಡನೆಯದರಲ್ಲಿ ಮಾತು ಶೆಲ್‌ನ (ಟರ್ಮಿನಲ್‌ನಲ್ಲಿ ನಮ್ಮ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಪರಿಸರಕ್ಕೆ, ಅಂದರೆ ಎನ್ವಿರಾನ್ಮೆಂಟ್‌ಗೆ ಹೋಗುತ್ತದೆ. ಮೇಕ್ ಅದನ್ನು ಅಲ್ಲಿಂದ ಓದಿಕೊಳ್ಳುತ್ತದೆ. ಆದರೆ ಮೇಕ್‌ಫೈಲ್‌ನಲ್ಲಿ ಅದೇ ಹೆಸರಿಗೆ ಬೇರೆ ಬೆಲೆ ಇದ್ದರೆ ಮೇಕ್‌ಫೈಲೇ ಗೆಲ್ಲುತ್ತದೆ. ಎರಡನೆಯ ಕಮಾಂಡ್ ಕೊಟ್ಟರೆ ಪುಸ್ತಕ ಇಂಚಿನಲ್ಲೇ ಬರುತ್ತದೆ.

ಮೇಕ್‌ಫೈಲ್‌ನಲ್ಲಿ ಸಮಚಿಹ್ನೆಯ ಮುಂಚೆ ಪ್ರಶ್ನೆಚಿಹ್ನೆ ಹಾಕಿದರೆ, ಮೊದಲೇ ಬೆಲೆ ಇಲ್ಲದಿದ್ದರೆ ಮಾತ್ರ ಇದನ್ನು ಇಟ್ಟುಕೋ ಎಂದಾಗುತ್ತದೆ. ಆಗ ಎರಡು ಕಮಾಂಡ್‌ಗಳಿಗೂ ಒಂದೇ ಫಲ. ಬೇರೆಯವರಿಗೆ ಕೊಡುವ ಮೇಕ್‌ಫೈಲ್‌ನಲ್ಲಿ ನಾನು ಹಾಗೇ ಬರೆಯುತ್ತೇನೆ. "-ಇ" ಎಂಬ ಆಪ್ಷನ್ ಕೂಡ ಇದೆ. ಅದು ಪರಿಸರದ ಮಾತನ್ನು ಮೇಕ್‌ಫೈಲ್‌ಗಿಂತ ಮೇಲೆ ಕೂರಿಸುತ್ತದೆ. ಅದನ್ನು ಬಳಸಬೇಡಿ ಎನ್ನುತ್ತೇನೆ. ನಿಮ್ಮ ಶೆಲ್‌ನಲ್ಲಿ ಎಂದೋ ಇಟ್ಟು ಮರೆತ ಯಾವುದೋ ಹೆಸರು ಬಂದು ಮೇಕ್‌ಫೈಲನ್ನು ಕೆಡಿಸಬಹುದು.

ಇನ್ನೊಂದು ಗುಂಡಿ ಇದೆ. ಸಿ ಕಂಪೈಲರ್‌ಗೆ ಕೊಡುವ ಸೂಚನೆಗಳಿಗೆ ಸಿಫ್ಲ್ಯಾಗ್ಸ್ (ಪೂರ್ತಿ ಕ್ಯಾಪಿಟಲ್) ಎಂಬ ವೇರಿಯಬಲ್ ರೂಢಿ. ಮೇಕ್‌ಫೈಲ್‌ನಲ್ಲಿ ಅದಕ್ಕೆ ಏನೇನೋ ಸೇರಿಸಿರುತ್ತೇವೆ. ಕಮಾಂಡ್ ಲೈನ್‌ನಲ್ಲಿ "ಸಿಫ್ಲ್ಯಾಗ್ಸ್=-ಜಿ" ಎಂದರೆ ಹಳೆಯದಕ್ಕೆ ಅದು ಸೇರಿಕೊಳ್ಳುತ್ತದೆ ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಸೇರುವುದಿಲ್ಲ. ಹಳೆಯದು ಪೂರ್ತಿ ಹೋಗಿ ಇದೊಂದೇ ಉಳಿಯುತ್ತದೆ. ಮೇಕ್‌ಫೈಲ್‌ನಲ್ಲಿ ಕೂಡಿಸುವ ಚಿಹ್ನೆ ಹಾಕಿ ಆಮೇಲೆ ಸೇರಿಸಿದ ಸಾಲುಗಳೂ ಕೆಲಸ ಮಾಡುವುದಿಲ್ಲ. ಅವು ನಡೆಯಬೇಕಾದರೆ ಆ ಸಾಲಿನ ಮುಂದೆ ಓವರ್‌ರೈಡ್ ಎಂಬ ಪದ ಇರಬೇಕು. ಬೆಲೆಯಲ್ಲಿ ಖಾಲಿ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಸಮಚಿಹ್ನೆಯ ಆಚೀಚೆ ಜಾಗ ಬಿಡಬೇಡಿ.

ಆಪ್ಷನ್ ಹೆಸರು ತಪ್ಪಿದರೆ ಮೇಕ್ ತಕರಾರು ಮಾಡುತ್ತದೆ, ಇಂಥ ಆಪ್ಷನ್ ಇಲ್ಲ ಎಂದು ನಿಲ್ಲುತ್ತದೆ. ವೇರಿಯಬಲ್ ಹೆಸರು ತಪ್ಪಿದರೆ ಒಂದು ಮಾತೂ ಆಡುವುದಿಲ್ಲ. "ಯುನಿಟ್ಸ್=ಎಂಎಂ" ಎಂದು ಒಂದಕ್ಷರ ಜಾಸ್ತಿ ಹಾಕಿದರೆ, ಆ ಹೆಸರಿನ ಹೊಸ ವೇರಿಯಬಲ್ ಮಾಡಿಟ್ಟುಕೊಂಡು, ಇಂಚಿನಲ್ಲೇ ಪುಸ್ತಕ ಕೊಡುತ್ತದೆ. ಅದಕ್ಕೇ ನನ್ನ ಪ್ರೋಗ್ರಾಂ ಪ್ರತಿ ಪಟ್ಟಿಯ ಮೊದಲ ಸಾಲಿನಲ್ಲಿ ಅಳತೆ ಯಾವುದು ಎಂದು ಬರೆಯುವಂತೆ ಮಾಡಿದ್ದೇನೆ.

ಕರೆಂಟ್ ಹೋದ ಮೇಲೆ

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಸಾಮಾನ್ಯ. ತಂತಿಯ ಮೇಲೆ ಮರ ಬಿದ್ದರೆ ದಿನಗಟ್ಟಲೆ ಬರುವುದಿಲ್ಲ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕೂತು ನಾನು ಕಲಿತದ್ದು ಇದು.

ನೀವು ಕಂಟ್ರೋಲ್ ಸಿ ಒತ್ತಿ ಮೇಕನ್ನು ನಿಲ್ಲಿಸಿದರೆ, ಅದು ಅರ್ಧ ಬರೆದ ಫೈಲನ್ನು ಅಳಿಸಿ ಹೋಗುತ್ತದೆ. ಅದು ಒಳ್ಳೆಯ ಅಭ್ಯಾಸ. ಕರೆಂಟ್ ಹೋದರೆ ಅಳಿಸಲು ಯಾರೂ ಇರುವುದಿಲ್ಲ. ಅರ್ಧ ಬರೆದ ಪಟ್ಟಿ ಡಿಸ್ಕ್‌ನಲ್ಲಿ ಉಳಿದುಬಿಡಬಹುದು. ಅದರ ಸಮಯ ಮಾತ್ರ ಹೊಸದು. ಮತ್ತೆ ಮೇಕ್ ಕೊಟ್ಟರೆ ಅದು ಸಿದ್ಧವಾಗಿದೆ ಎಂದುಕೊಂಡು ಮುಂದಕ್ಕೆ ಹೋಗುತ್ತದೆ. ಜೂನ್‌ವರೆಗೆ ಮಾತ್ರ ಮಳೆ ಬಂದ ವರ್ಷ ಎಂಬಂಥ ಗ್ರಾಫ್ ಸಿಗುತ್ತದೆ! ಹಾಗಾದ ಮೇಲೆ ಕ್ಯಾಪಿಟಲ್ ಬಿ ಕೊಟ್ಟು ಎಲ್ಲವನ್ನೂ ಹೊಸದಾಗಿ ಮಾಡಿಸುವುದೇ ಸರಿ. ಕಮಾಂಡ್ ನಡುವೆ ಎರರ್ ಆಗಿ ನಿಂತಾಗಲೂ ಅರ್ಧ ಫೈಲ್ ಉಳಿಯಬಹುದು. ಅದಕ್ಕೆ ಮೇಕ್‌ಫೈಲ್‌ನಲ್ಲಿ "ಡಿಲೀಟ್ ಆನ್ ಎರರ್" ಎಂಬ ವಿಶೇಷ ಟಾರ್ಗೆಟ್ ಬರೆದಿಟ್ಟರೆ ಮೇಕ್ ತಾನೇ ಅಳಿಸುತ್ತದೆ. ಹೆಸರು ಚುಕ್ಕಿಯಿಂದ ಶುರು, ಪೂರ್ತಿ ಕ್ಯಾಪಿಟಲ್, ಪದಗಳ ನಡುವೆ ಕೆಳಗೆರೆ.

ಹಳೆಯ ಯಂತ್ರದಲ್ಲಿ ಗಡಿಯಾರದ ಪುಟ್ಟ ಬ್ಯಾಟರಿ ಸತ್ತಿದ್ದರೆ ಇನ್ನೊಂದು ತೊಂದರೆ. ಕರೆಂಟ್ ಬಂದಾಗ ಕಂಪ್ಯೂಟರ್ ಹಳೆಯ ತಾರೀಕಿಗೆ ಹೋಗಿ ಕೂರುತ್ತದೆ. ನೆಟ್‌ವರ್ಕ್ ಸಿಕ್ಕಿ ತಾರೀಕು ಸರಿಯಾಗುವ ತನಕ ನಿನ್ನೆಯ ಫೈಲ್‌ಗಳೆಲ್ಲ ಮುಂದಿನ ಕಾಲದವು. ಆಗ ಮೇಕ್ "ಕ್ಲಾಕ್ ಸ್ಕ್ಯೂ" ಎಂದು ಎಚ್ಚರಿಕೆ ಕೊಡುತ್ತದೆ, ಕೆಲಸ ಅಪೂರ್ಣವಾಗಿರಬಹುದು ಎನ್ನುತ್ತದೆ. ಆ ಎಚ್ಚರಿಕೆ ಕಂಡರೆ ನಿಲ್ಲಿಸಿ. ತಾರೀಕು ಸರಿ ಮಾಡಿ. ಆಮೇಲೆ ಕ್ಯಾಪಿಟಲ್ ಬಿ ಕೊಡಿ. ಫೈಲ್ ಸಮಯವೇ ಮೇಕ್‌ನ ಬುನಾದಿ. ಅದೇ ಅಲ್ಲಾಡಿದರೆ ಮೇಲಿನದು ಯಾವುದೂ ನಿಲ್ಲುವುದಿಲ್ಲ.

ಇದೇ ಕಾರಣಕ್ಕೆ "-ಟಿ" ಆಪ್ಷನ್ ಬಗ್ಗೆ ನನಗೆ ಭಯ. ಟಿ ಎಂದರೆ ಟಚ್. ಕೆಲಸ ಮಾಡದೆ ಫೈಲ್‌ಗಳ ಸಮಯವನ್ನಷ್ಟೇ ಹೊಸದು ಮಾಡುತ್ತದೆ. ಪ್ರೋಗ್ರಾಂನಲ್ಲಿ ಒಂದು ಟಿಪ್ಪಣಿ ಮಾತ್ರ ಬದಲಿಸಿದ್ದೇನೆ, ಅದಕ್ಕಾಗಿ ಎಲ್ಲ ಮತ್ತೆ ನಡೆಯುವುದು ಬೇಡ ಎನ್ನುವವರಿಗೆ ಇದು ಇರುವುದು. ಆದರೆ ನಿಜವಾದ ಬದಲಾವಣೆಯೂ ಅದರೊಳಗೆ ಮುಚ್ಚಿಹೋಗಬಹುದು.

ಒಂದು ಕೆಟ್ಟರೂ ಮಿಕ್ಕಿದ್ದು ನಡೆಯಲಿ

ಹಳೆಯ ನೋಟ್‌ಬುಕ್‌ನ ಒಂದು ಪುಟ ನೆನೆದು ಶಾಯಿ ಹರಡಿದೆ ಎಂದುಕೊಳ್ಳಿ. ಆ ವರ್ಷದ ಫೈಲ್‌ನಲ್ಲಿ ಏನೋ ತಪ್ಪು ಬಿದ್ದಿದೆ, ಪ್ರೋಗ್ರಾಂ ಎರರ್ ಕೊಡುತ್ತದೆ. ಮೇಕ್ ಅಲ್ಲೇ ನಿಲ್ಲುತ್ತದೆ. ರಾತ್ರಿ ಕೆಲಸ ಹಚ್ಚಿ ಮಲಗಿದ್ದರೆ ಬೆಳಿಗ್ಗೆ ಎದ್ದು ನೋಡಿದಾಗ ಎರಡನೇ ವರ್ಷಕ್ಕೇ ನಿಂತಿರುತ್ತದೆ.

"-ಕೆ" ಕೊಟ್ಟರೆ ಮೇಕ್ ಆ ವರ್ಷವನ್ನು ಬಿಟ್ಟು, ಅದನ್ನು ನಂಬಿಕೊಳ್ಳದ ಮಿಕ್ಕ ಎಲ್ಲ ಕೆಲಸ ಮುಗಿಸುತ್ತದೆ. ಕೊನೆಯಲ್ಲಿ, ಇಂಥದ್ದನ್ನು ಎರರ್ ಕಾರಣಕ್ಕೆ ಮಾಡಲಿಲ್ಲ ಎಂದು ತಿಳಿಸುತ್ತದೆ. ಪುಸ್ತಕ ಮಾತ್ರ ಹುಟ್ಟುವುದಿಲ್ಲ, ಅದಕ್ಕೆ ಎಲ್ಲ ವರ್ಷವೂ ಬೇಕಲ್ಲ. ಅದು ಸರಿಯಾದ ನಡತೆ. ಬೆಳಿಗ್ಗೆ ಎಲ್ಲ ತಪ್ಪುಗಳ ಪಟ್ಟಿ ಒಟ್ಟಿಗೆ ಸಿಗುತ್ತದೆ.

"-ಐ" ಕೂಡ ಮುಂದಕ್ಕೆ ಹೋಗುತ್ತದೆ. ಆದರೆ ಎರರ್ ಆಗಲೇ ಇಲ್ಲ ಎಂಬಂತೆ ಹೋಗುತ್ತದೆ. ಕೆಟ್ಟ ಪಟ್ಟಿಯಿಂದಲೇ ಗ್ರಾಫ್ ಮಾಡಿ, ಅದನ್ನೇ ಪುಸ್ತಕಕ್ಕೆ ಸೇರಿಸುತ್ತದೆ. ಕೆ ಪ್ರಾಮಾಣಿಕ, ಐ ಅಲ್ಲ. ಐ ಬಳಸಲು ಒಂದು ಒಳ್ಳೆಯ ಕಾರಣವನ್ನು ನಾನು ಇನ್ನೂ ಕಂಡಿಲ್ಲ.

ನಾಲ್ಕು ಕೈ ಒಟ್ಟಿಗೆ

ನನ್ನ ಪ್ರಾಜೆಕ್ಟ್‌ನಲ್ಲಿ ಒಂದು ವರ್ಷದ ಪಟ್ಟಿಗೂ ಇನ್ನೊಂದು ವರ್ಷದ ಪಟ್ಟಿಗೂ ಸಂಬಂಧ ಇಲ್ಲ. ಒಂದಾದ ಮೇಲೆ ಒಂದು ಮಾಡುವ ಬದಲು ನಾಲ್ಕನ್ನು ಒಟ್ಟಿಗೆ ಮಾಡಬಹುದು. "ಮೇಕ್ -ಜೆ4" ಎಂದರೆ ಅದೇ. ಲಿನಕ್ಸ್‌ನಲ್ಲಿ "ಎನ್‌ಪ್ರಾಕ್" ಎಂಬ ಕಮಾಂಡ್ ನಿಮ್ಮ ಯಂತ್ರದಲ್ಲಿ ಎಷ್ಟು ಕೋರ್ ಇದೆ ಎಂದು ಹೇಳುತ್ತದೆ. ಆ ಸಂಖ್ಯೆಯಿಂದ ಶುರು ಮಾಡಿ.

ಸಂಖ್ಯೆ ಬಿಟ್ಟು ಬರೀ "-ಜೆ" ಕೊಡಬೇಡಿ. ಆಗ ಮಿತಿಯೇ ಇಲ್ಲ. ಸಿದ್ಧವಿರುವ ಎಲ್ಲ ಕೆಲಸವನ್ನೂ ಒಂದೇ ಸಲ ಹಚ್ಚುತ್ತದೆ. ಮೆಮೊರಿ ತುಂಬಿ ಲ್ಯಾಪ್‌ಟಾಪ್ ಅಲುಗಾಡದೆ ನಿಲ್ಲುತ್ತದೆ. "-ಎಲ್" ಜೊತೆ ಒಂದು ಸಂಖ್ಯೆ ಕೊಟ್ಟರೆ ಯಂತ್ರದ ಮೇಲಿನ ಹೊರೆ ಆ ಮಟ್ಟ ಮುಟ್ಟಿದಾಗ ಹೊಸ ಕೆಲಸ ಹಚ್ಚುವುದನ್ನು ತಡೆಯುತ್ತದೆ. ನಾಲ್ಕು ಕೆಲಸದ ಮಾತುಗಳು ಪರದೆಯ ಮೇಲೆ ಕಲಸಿಹೋದರೆ ಕ್ಯಾಪಿಟಲ್ ಓ ಕೊಡಿ, ಒಂದೊಂದು ಟಾರ್ಗೆಟ್‌ನದನ್ನು ಒಟ್ಟು ಸೇರಿಸಿ ತೋರಿಸುತ್ತದೆ.

ಜೆ ಕೊಟ್ಟ ದಿನವೇ ಮೇಕ್‌ಫೈಲ್‌ನ ಹಳೆಯ ತಪ್ಪುಗಳೂ ಹೊರಬರುತ್ತವೆ. ಪಟ್ಟಿ ಮಾಡಲು ಮೊದಲು ಸಿ ಪ್ರೋಗ್ರಾಂ ಕಂಪೈಲ್ ಆಗಿರಬೇಕು ಎಂದು ನಾನು ಬರೆದೇ ಇರಲಿಲ್ಲ. ಒಂದೊಂದಾಗಿ ನಡೆಯುವಾಗ ಪ್ರೋಗ್ರಾಂ ಹೆಸರು ಸಾಲಿನಲ್ಲಿ ಮುಂಚೆ ಇದ್ದುದರಿಂದ ಹೇಗೋ ಸರಿ ಹೋಗುತ್ತಿತ್ತು. ನಾಲ್ಕು ಒಟ್ಟಿಗೆ ಹೊರಟಾಗ, ಕಾಫಿ ಹಣ್ಣು ಕುಯ್ಯುವ ಮೊದಲೇ ಅದರ ಸಿಪ್ಪೆ ಬಿಡಿಸುವ ಪಲ್ಪರ್ ತಿರುಗಿಸಿದ ಹಾಗಾಯಿತು. ಪ್ರೋಗ್ರಾಂ ಇನ್ನೂ ಹುಟ್ಟಿಲ್ಲ, ಪಟ್ಟಿ ಅದನ್ನು ಕರೆಯುತ್ತಿದೆ. ತಪ್ಪು ಜೆಯದ್ದಲ್ಲ, ನನ್ನದು. 2022ರಲ್ಲಿ ಬಂದ ಗ್ನೂ ಮೇಕ್ 4.4ರಲ್ಲಿ "--ಶಫಲ್" ಎಂಬ ಆಪ್ಷನ್ ಇದೆ. ಅದು ಬೇಕೆಂದೇ ಕ್ರಮವನ್ನು ಕಲಸಿ ಇಂಥ ಬಿಟ್ಟುಹೋದ ಸಂಬಂಧಗಳನ್ನು ಹೊರಗೆ ತರುತ್ತದೆ.

ಯಾಕೆ ಮಾಡಿತು?

ಕೆಲವು ಸಲ ಮೇಕ್ ಯಾವುದನ್ನೋ ಯಾಕೆ ಮತ್ತೆ ಮಾಡಿತು ಎಂದೇ ಗೊತ್ತಾಗುವುದಿಲ್ಲ. "--ಟ್ರೇಸ್" ಕೊಡಿ. ಮೇಕ್‌ಫೈಲ್‌ನ ಎಷ್ಟನೇ ಸಾಲಿನ ರೂಲ್, ಯಾವ ಫೈಲ್‌ನಿಂದಾಗಿ ಮತ್ತೆ ನಡೆಯಿತು ಎಂದು ಹೇಳುತ್ತದೆ. "-ಡಿ" ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಆದರೆ ಪುಟ್ಟ ಪ್ರಾಜೆಕ್ಟ್‌ಗೂ ಪುಟಗಟ್ಟಲೆ ಬರೆಯುತ್ತದೆ. ಟ್ರೇಸ್ ಸಾಲದಿದ್ದರೆ ಮಾತ್ರ ಅಲ್ಲಿಗೆ ಹೋಗಿ. "--ವಾರ್ನ್-ಅನ್‌ಡಿಫೈನ್ಡ್-ವೇರಿಯಬಲ್ಸ್" ಬೆಲೆಯಿಲ್ಲದ ಹೆಸರು ಮೇಕ್‌ಫೈಲ್‌ನಲ್ಲಿ ಎಲ್ಲಿ ಬಳಕೆಯಾಗಿದೆ ಎಂದು ಎಚ್ಚರಿಸುತ್ತದೆ.

ಟ್ರೇಸ್ ಮತ್ತು ಕ್ಯಾಪಿಟಲ್ ಓ ಬಂದದ್ದು 2013ರ 4.0ರಲ್ಲಿ. ಆಪಲ್‌ನ ಮ್ಯಾಕ್ ಜೊತೆ ಬರುವ ಮೇಕ್ 3.81, ಅದು 2006ರದ್ದು. ಹಾಗಾಗಿ ಅಲ್ಲಿ ಇವೆರಡೂ ಇಲ್ಲ. ನಿಮ್ಮದು ಯಾವುದೆಂದು "ಮೇಕ್ -ವಿ" ಹೇಳುತ್ತದೆ.

ಮೇಕ್‌ಫೈಲ್ ಬೇರೆ ಫೋಲ್ಡರ್‌ನಲ್ಲಿದ್ದರೆ ಕ್ಯಾಪಿಟಲ್ ಸಿ. ನಾನು ಭಾಗಮಂಡಲ, ಸುಂಟಿಕೊಪ್ಪ, ಕುಶಾಲನಗರದ ನೆಂಟರ ಲೆಕ್ಕಗಳನ್ನೂ ಒಂದೊಂದು ಫೋಲ್ಡರ್‌ನಲ್ಲಿ ಇಟ್ಟಿದ್ದೇನೆ. "ಮೇಕ್ -ಸಿ ಭಾಗಮಂಡಲ" ಎಂದರೆ ಆ ಫೋಲ್ಡರ್‌ಗೆ ಹೋಗಿ ಕೆಲಸ ಮಾಡುತ್ತದೆ. ಮೇಕ್‌ಫೈಲ್‌ಗೆ ಬೇರೆ ಹೆಸರಿದ್ದರೆ "-ಎಫ್" ಮುಂದೆ ಆ ಹೆಸರು. ಎಫ್ ಎಂದರೆ ಫೋಲ್ಡರ್ ಅಲ್ಲ, ಫೈಲ್.

ಎಲ್ಲ ಊರಿನ ಫೋಲ್ಡರ್‌ಗಳನ್ನೂ ಒಂದು ದೊಡ್ಡ ಮೇಕ್‌ಫೈಲ್‌ನಿಂದ ಕರೆಯುವಾಗ, ಒಳಗೆ ಬರೀ "ಮೇಕ್" ಎಂದು ಬರೆಯಬೇಡಿ. ಡಾಲರ್ ಹಾಕಿ, ಆವರಣದೊಳಗೆ ಕ್ಯಾಪಿಟಲ್‌ನಲ್ಲಿ ಮೇಕ್ ವೇರಿಯಬಲ್ ಬರೆಯಿರಿ. ಆಗ ನೀವು ಮೇಲೆ ಕೊಟ್ಟ ಎನ್ ಒಳಗೂ ಪಟ್ಟಿ ತೋರಿಸುತ್ತದೆ, ಜೆ4ರ ನಾಲ್ಕು ಕೈಗಳು ಎಲ್ಲ ಊರಿಗೂ ಸೇರಿ ನಾಲ್ಕೇ ಆಗಿರುತ್ತವೆ.

ಪ್ರತಿ ಸಲ ಬೇಕಾಗುವ ಆಪ್ಷನ್ ಇದ್ದರೆ ಮೇಕ್‌ಫ್ಲ್ಯಾಗ್ಸ್ (ಇದೂ ಪೂರ್ತಿ ಕ್ಯಾಪಿಟಲ್) ಎಂಬ ಹೆಸರಿನಲ್ಲಿ ಶೆಲ್‌ನ ಪರಿಸರದಲ್ಲಿ ಇಡಬಹುದು. ನಾನು ಅಲ್ಲಿ ಜೆ4 ಒಂದನ್ನೇ ಇಟ್ಟಿದ್ದೇನೆ. ಎನ್, ಟಿ, ಕ್ಯೂ ಇಂಥವನ್ನು ಅಲ್ಲಿ ಇಡಬಾರದು. ಮೇಕ್ ಕೆಲಸ ಮಾಡದೆ ಸುಮ್ಮನೆ ಕೂತಂತೆ ಕಾಣುತ್ತದೆ, ಕಾರಣ ಹುಡುಕಲು ಒಂದು ದಿನ ಬೇಕು.

ತಂಗಿಯ ಫೋನ್‌ಗೆ ನಾನು ಆ ಸಂಜೆ ಕೊಟ್ಟ ಉತ್ತರ ಒಂದು ಸಾಲಿನದು: ಕ್ಯಾಪಿಟಲ್ ಬಿ ಸೇರಿಸಿ ಮತ್ತೆ ಕೊಡು. ಎಲ್ಲ ವರ್ಷವೂ ಮಿಲಿಮೀಟರ್‌ಗೆ ಬಂತು. ಆದರೆ ಅದು ಆ ಸಲಕ್ಕೆ ಮಾತ್ರ. ಮರುದಿನ ಅಪ್ಪನಿಗೆ ಇಂಚಿನ ಪುಸ್ತಕ ಬೇಕಾಯಿತು, ಮತ್ತೆ ಅದೇ ಕಥೆ.

ಅಳತೆ ಬದಲಾದದ್ದು ಮೇಕ್ ಕಣ್ಣಿಗೆ ಬೀಳಬೇಕಾದರೆ ಅದು ಫೈಲ್ ಹೆಸರಿಗೇ ಬರಬೇಕು. ಹಾಗಾಗಿ ಮೇಕ್‌ಫೈಲನ್ನೇ ತಿದ್ದಿದೆ. ಪಟ್ಟಿ, ಗ್ರಾಫ್, ಪುಸ್ತಕ ಎಲ್ಲವೂ ಈಗ ಯುನಿಟ್ ಹೆಸರಿನ ಫೋಲ್ಡರ್ ಒಳಗೆ ಹುಟ್ಟುತ್ತವೆ. ಇಂಚಿಗೆ ಒಂದು ಫೋಲ್ಡರ್, ಎಂಎಂಗೆ ಒಂದು. "ಮೇಕ್ ಯುನಿಟ್=ಎಂಎಂ" ಎಂದರೆ ಎಂಎಂ ಫೋಲ್ಡರ್‌ನಲ್ಲಿ ಇಲ್ಲದ್ದನ್ನೂ ಹಳೆಯದಾದದ್ದನ್ನೂ ಮಾಡುತ್ತದೆ, ಇಂಚಿನದನ್ನು ಮುಟ್ಟುವುದಿಲ್ಲ. ತಂಗಿಗೆ ಹೊಸ ಮೇಕ್‌ಫೈಲ್ ಕಳಿಸಿದೆ. ಅವಳು ಮೊದಲು ಎನ್ ಹಾಕಿ ಕೊಟ್ಟಳು. ಎಲ್ಲ ವರ್ಷಗಳೂ ಸಾಲಾಗಿ ಬಂದವು. ಆಮೇಲೆ ಎನ್ ತೆಗೆದು ನಡೆಸಿದಳು. ಒಟ್ಟು ಗ್ರಾಫ್‌ನಲ್ಲಿ 2018ರ ಗೆರೆ ತನ್ನ ನಿಜವಾದ ಎತ್ತರಕ್ಕೆ ಇಳಿದಿತ್ತು.